ಗೋಧಿ ಒಗ್ಗದವರ ಪಂಕ್ತಿ



ಪ್ರಭುವಿನ ಪರಮ ಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವ ನಮ್ಮ ಕಡೆ ಬರುವುದು ಮಿರಗದ ಮಳೆಯ ಆಸುಪಾಸಿನಲ್ಲಿ. ಆ ಭಾನುವಾರ ಪ್ರಬೋಧನೆ ಮಾಡುವ ಗುರುಗಳೆಲ್ಲ ಗೋಧಿಯ ಕಾಳಿನಿಂದಲೇ ಮಾತು ಆರಂಭಿಸುವುದು ವಾಡಿಕೆ. ಮಣ್ಣಿಗೆ ಬಿದ್ದ ಕಾಳು, ಬೀಸಿದ ಹಿಟ್ಟು, ಬೆಂಕಿಯಲ್ಲಿ ಬೆಂದ ರೊಟ್ಟಿ, ಹಲವು ಕಾಳುಗಳು ಕೂಡಿ ಒಂದಾದ ಓಸ್ತಿ. ಮಾತು ಚೆನ್ನಾಗಿಯೇ ಇದೆ. ಆದರೆ ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ, ಕಡಗಂಚಿಯ ಎರೆ ಹೊಲಗಳ ನಡುವೆ ನಿಂತು ಇದನ್ನು ಹೇಳುವಾಗ ಒಂದು ಸಣ್ಣ ತೊಡಕು ಎದುರಾಗುತ್ತದೆ. ಇಲ್ಲಿ ರೊಟ್ಟಿ ಎಂದರೆ ಜೋಳದ ರೊಟ್ಟಿ. ಗೋಧಿಯದಾದರೆ ಅದಕ್ಕೆ ಚಪಾತಿ ಎಂಬ ಬೇರೆಯೇ ಹೆಸರು. ನಮ್ಮ ಜನರ ಅನುದಿನದ ರೊಟ್ಟಿ ಬೇರೆ, ಬಲಿಪೀಠದ ರೊಟ್ಟಿ ಬೇರೆ.

ಈ ವರ್ಷ ನಾವು ಆ ತೊಡಕನ್ನೇ ಹಿಡಿದುಕೊಂಡು ಸ್ವಲ್ಪ ಚರಿತ್ರೆ ಹೇಳಬಯಸುತ್ತೇವೆ. ಗೋಧಿ ಯಾರ ದೇಹಕ್ಕೆ ಸ್ವಲ್ಪವೂ ಒಗ್ಗುವುದಿಲ್ಲವೋ ಅಂಥವರು ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿದ್ದಾರೆ. ಅವರ ರೋಗಕ್ಕೆ ವೈದ್ಯರು ಸೀಲಿಯಾಕ್ ಎಂದು ಕರೆಯುತ್ತಾರೆ. ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಅಂಟು ಪದಾರ್ಥವೇ ಇದಕ್ಕೆ ಕಾರಣ. ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ; ಜೀವಮಾನವಿಡೀ ಗ್ಲೂಟೆನ್ ಬಿಟ್ಟು ಉಣ್ಣುವುದೊಂದೇ ಔಷಧ.

ಗ್ಲೂಟೆನ್ ಎಂದರೇನೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಅಡುಗೆಮನೆ ಸಾಕು. ಚಪಾತಿಗೆ ನಾದಿದ ಹಿಟ್ಟಿನ ಒಂದು ಉಂಡೆಯನ್ನು ನೀರಿನಲ್ಲಿ ಹಿಡಿದು ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿಗೆ ಹೋಗಿ ಕೊನೆಗೆ ಕೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲೂಟೆನ್. ಚಪಾತಿ ಲಟ್ಟಿಸಿದಷ್ಟೂ ಹಿಗ್ಗುವುದು, ಬ್ರೆಡ್ ಉಬ್ಬುವುದು, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಹೊದ್ದುಕೊಳ್ಳುವುದು ಇದರಿಂದ. ಜೋಳದ ಹಿಟ್ಟಿನ ಉಂಡೆಯನ್ನು ಹಾಗೆ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದಲೇ ನಮ್ಮ ತಾಯಂದಿರು ಎಸರು ಕುದಿಸಿ, ಬಿಸಿನೀರಿನಲ್ಲಿ ಹಿಟ್ಟು ಕಲಸಿ, ಜಿಗಿ ಬರುವಂತೆ ನಾದಿ, ಲಟ್ಟಣಿಗೆ ಬಿಟ್ಟು ಅಂಗೈಯಿಂದ ಬಡಿಯುತ್ತಾರೆ. ಸಂಜೆ ಹೊತ್ತು ನಮ್ಮ ಓಣಿಗಳಲ್ಲಿ ಕೇಳುವ ಆ ರೊಟ್ಟಿ ಬಡಿಯುವ ಸದ್ದು ಗ್ಲೂಟೆನ್ ಇಲ್ಲದ ಹಿಟ್ಟನ್ನು ರೊಟ್ಟಿಯಾಗಿಸಲು ಈ ನಾಡು ಕಂಡುಕೊಂಡ ಉಪಾಯದ ಸದ್ದು.

ಕೆಲವರು ತಾಯಿತಂದೆಯರಿಂದ ಪಡೆದ ಒಂದು ಗುಣದ ಕಾರಣದಿಂದ, ಈ ಗ್ಲೂಟೆನ್ನಿನ ಅರೆಜೀರ್ಣವಾದ ತುಣುಕುಗಳನ್ನು ಅವರ ದೇಹವು ಶತ್ರುವೆಂದು ಭಾವಿಸಿ ಕಾದಾಡಲು ನಿಲ್ಲುತ್ತದೆ. ಏಟು ಬೀಳುವುದು ಮಾತ್ರ ತನ್ನದೇ ಸಣ್ಣ ಕರುಳಿಗೆ. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಸಾವಿರಾರು ಎಳೆಗಳಿಂದ ಕೂಡಿರುತ್ತದೆ. ಉಂಡ ಅನ್ನದ ಸಾರವನ್ನು ಹೀರುವುದು ಆ ಎಳೆಗಳೇ. ರೋಗ ಬಲಿತಾಗ ಎಳೆಗಳು ಸವೆದು ಟವೆಲ್ಲು ಬರೀ ಹಾಸುಬಟ್ಟೆಯಾಗುತ್ತದೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ತುಂಬಿದ ಮನೆಯಲ್ಲಿ ಮಗು ಹಸಿವಿನಿಂದ ಸೊರಗಿದಂತೆ ಕಾಣುತ್ತದೆ.

ಇಂಥ ರೋಗಿಗಳನ್ನು ಮೊದಲು ಕಂಡು ಬರೆದವನು ಏಷ್ಯಾ ಮೈನರಿನ ಕಪ್ಪದೋಕಿಯದ ಅರೆಟೇಯಸ್ ಎಂಬ ಗ್ರೀಕ್ ವೈದ್ಯ, ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ. ಹೊಟ್ಟೆಗೆ ಗ್ರೀಕಿನಲ್ಲಿ ಕೊಯ್ಲಿಯಾ ಎನ್ನುತ್ತಾರೆ. ಸೀಲಿಯಾಕ್ ಎಂಬ ಹೆಸರು ಬಂದದ್ದು ಅಲ್ಲಿಂದ. ಬಳಿಕ ಬಹುಕಾಲ ಯಾರೂ ಅದನ್ನು ಸರಿಯಾಗಿ ಗುರುತಿಸಲಿಲ್ಲ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ಮಕ್ಕಳ ಸ್ಥಿತಿಯನ್ನು ವಿವರವಾಗಿ ಬರೆದು, ಗುಣವಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಹೇಳಿದರು. ಅವರ ಬಳಿ ಒಂದು ಮಗು ಹಾಲೆಂಡಿನಿಂದ ಬಂದ ಮಸ್ಸೆಲ್ ಎಂಬ ಕಡಲ ಚಿಪ್ಪಿನ ಮಾಂಸವನ್ನು ದಿನವೂ ತಿಂದು ಚೆನ್ನಾಗಿ ಚೇತರಿಸಿಕೊಂಡಿತ್ತಂತೆ. ಚಿಪ್ಪಿನ ಕಾಲ ಮುಗಿದ ಮೇಲೆ ಮತ್ತೆ ಸೊರಗಿತಂತೆ. ದಾರಿ ಸರಿಯಿತ್ತು. ಆದರೆ ಅದೇ ಗೀ ತಮ್ಮ ರೋಗಿಗಳಿಗೆ ತೆಳ್ಳಗೆ ಕೊಯ್ದು ಎರಡೂ ಬದಿ ಸುಟ್ಟ ಬ್ರೆಡ್ಡನ್ನು ಕೊಡಬಹುದೆಂದೂ ಬರೆದರು! 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬವರು ಬಾಳೆಹಣ್ಣಿನ ಪಥ್ಯ ಕಂಡುಹಿಡಿದರು. ಬ್ರೆಡ್, ಆಲೂಗಡ್ಡೆ, ಧಾನ್ಯಗಳನ್ನೆಲ್ಲ ನಿಲ್ಲಿಸಿ ಬಾಳೆಹಣ್ಣು ಕೊಟ್ಟಾಗ ಮಕ್ಕಳು ಬದುಕಿದರು. ಬದುಕಿಸಿದ್ದು ಬಾಳೆಹಣ್ಣೆಂದೇ ಬಹುಕಾಲ ನಂಬಲಾಯಿತು. ನಿಜವಾಗಿ ಬದುಕಿಸಿದ್ದು ತಟ್ಟೆಯಲ್ಲಿ ಇದ್ದದ್ದಲ್ಲ, ಇಲ್ಲದ್ದು.

ಇದನ್ನು ಸಾಬೀತುಪಡಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. 1905ರಲ್ಲಿ ಹುಟ್ಟಿದ ಇವರು ಮೂವತ್ತು ದಾಟುವಷ್ಟರಲ್ಲೇ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಬ್ರೆಡ್ ನಿಲ್ಲಿಸಿದಾಗ ತನ್ನ ಮಗು ಸುಧಾರಿಸಿತೆಂದು ಒಬ್ಬ ತಾಯಿ ಹೇಳಿದ ಮಾತೇ ಅವರಿಗೆ ಸಿಕ್ಕಿದ ಮೊದಲ ಸುಳಿವು ಎನ್ನುತ್ತಾರೆ. ಅವರು ಆ ಮಾತನ್ನು ತಳ್ಳಿಹಾಕಲಿಲ್ಲ. 1941ರಲ್ಲೇ ಗೋಧಿಯಿಲ್ಲದ ಪಥ್ಯದ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಯುದ್ಧದ ನಡುವೆ ಅದನ್ನು ಓದುವವರು ಯಾರು?

ಅಷ್ಟರಲ್ಲಿ 1944ರ ಸೆಪ್ಟೆಂಬರ್ ಬಂತು. ಮಿತ್ರಪಡೆಗಳಿಗೆ ನೆರವಾಗಲೆಂದು ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸೇಡಿಗಾಗಿ ಜರ್ಮನ್ ಆಡಳಿತ ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನು ತಡೆಯಿತು. ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಜನ ಸಕ್ಕರೆ ಗಡ್ಡೆಯನ್ನೂ ಟ್ಯುಲಿಪ್ ಹೂವಿನ ಗಡ್ಡೆಯನ್ನೂ ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಡಚ್ಚರು ಇಂದಿಗೂ ಅದನ್ನು ಹಸಿವಿನ ಚಳಿಗಾಲವೆಂದೇ ಕರೆಯುತ್ತಾರೆ. ನಮ್ಮ ಹಿರಿಯರು ದುರ್ಗಾದೇವಿ ಬರದ ಹೆಸರನ್ನು ಇಂದಿಗೂ ಹೇಳುವಂತೆ.

ಆ ಚಳಿಗಾಲದಲ್ಲಿ ಡಿಕ್ಕೆಯವರ ವಾರ್ಡಿನಲ್ಲಿ ವಿಚಿತ್ರವಾದುದೊಂದು ಕಂಡಿತು. ಊರಿನ ಮಕ್ಕಳೆಲ್ಲ ಬಡಕಲಾಗುತ್ತಿದ್ದರೆ ಸೀಲಿಯಾಕ್ ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು. ಬ್ರೆಡ್ ಸಿಗುತ್ತಿರಲಿಲ್ಲವಲ್ಲ! 1945ರ ವಸಂತದಲ್ಲಿ ಬಿಡುಗಡೆಯಾಗಿ ಬ್ರೆಡ್ ಮರಳಿ ಬಂದಾಗ ಊರು ಸಂಭ್ರಮಿಸಿತು. ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಬರಗಾಲವೇ ಈ ರಹಸ್ಯವನ್ನು ಬಯಲು ಮಾಡಿತೆಂದು ಈ ಕಥೆಯನ್ನು ಹೇಳುವವರು ಹೇಳುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಬರಗಾಲವನ್ನು ಎಷ್ಟೋ ವೈದ್ಯರು ಕಂಡರು. ಡಿಕ್ಕೆಯವರಿಗೆ ಅದು ಮಾತನಾಡಿತು, ಏಕೆಂದರೆ ಅವರು ಮೊದಲೇ ಒಬ್ಬ ತಾಯಿಯ ಮಾತನ್ನು ಕೇಳಿಸಿಕೊಂಡಿದ್ದರು.

ಯುದ್ಧದ ನಂತರ ಅವರು ಊಹೆಯ ಮೇಲೆ ನಿಲ್ಲಲಿಲ್ಲ. ಕೆಲವೇ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ಒಂದು ಧಾನ್ಯ ಕೊಟ್ಟು, ನಿಲ್ಲಿಸಿ, ಇನ್ನೊಂದನ್ನು ಕೊಟ್ಟು ನೋಡಿದರು. ವಾನ್ ಡೆ ಕಾಮರ್ ಎಂಬ ರಸಾಯನಶಾಸ್ತ್ರಜ್ಞರು ಮಕ್ಕಳ ಮಲದಲ್ಲಿ ಹೀರಿಕೆಯಾಗದೆ ಹೋದ ಕೊಬ್ಬನ್ನು ಅಳೆಯುವ ಕ್ರಮವನ್ನು ರೂಪಿಸಿಕೊಟ್ಟರು. ವೇಯರ್ಸ್ ಎಂಬ ಮಕ್ಕಳ ವೈದ್ಯರು ಜೊತೆಗೂಡಿದರು. ಗೋಧಿ ಮತ್ತು ರೈ ಹಿಟ್ಟು ಕೊಟ್ಟಾಗ ಕೊಬ್ಬು ಹೊರಹೋಗುತ್ತಿತ್ತು. ಅಕ್ಕಿ, ಮೆಕ್ಕೆಜೋಳ ಕೊಟ್ಟಾಗ ಇಲ್ಲ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಿಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಇದೆಲ್ಲ ಇದೆ. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು ದೋಷ ಗೋಧಿಯ ಪಿಷ್ಟದಲ್ಲಿಲ್ಲ, ಗ್ಲೂಟೆನ್ನಿನಲ್ಲಿದೆ ಎಂದು ತೋರಿಸಿದರು. ಕರುಳಿನ ತುಣುಕು ತೆಗೆದು ನೋಡುವ ಕ್ರಮ ಆ ದಶಕದಲ್ಲೇ ಬಂತು. ಇಂದು ಬಳಸುವ ರಕ್ತ ಪರೀಕ್ಷೆಯ ದಾರಿಯನ್ನು 1997ರಲ್ಲಿ ಜರ್ಮನಿಯ ಸಂಶೋಧಕರು ತೆರೆದರು. ಡಿಕ್ಕೆ ಅದನ್ನು ಕಾಣಲಿಲ್ಲ, 1962ರಲ್ಲೇ ತೀರಿಕೊಂಡರು.

ಯುರೋಪಿನಲ್ಲಿ ಕೆಲವು ಮಕ್ಕಳ ತಟ್ಟೆಯಿಂದ ಗೋಧಿಯನ್ನು ತೆಗೆಯುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಮಕ್ಕಳ ತಟ್ಟೆಗೆ ಗೋಧಿ ಬರುತ್ತಿತ್ತು. ಅಮೆರಿಕ 1954ರಲ್ಲಿ ಪಿ.ಎಲ್. 480 ಎಂಬ ಕಾಯಿದೆ ಮಾಡಿತು. 1956ರಲ್ಲಿ ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಹಡಗುಗಟ್ಟಲೆ ಗೋಧಿ ಬಂತು. ನಮ್ಮ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಮತ್ತು ಹಾಲಿನ ಪುಡಿಯನ್ನು ಉಂಡು ಬೆಳೆದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ನಮ್ಮ ಧರ್ಮಸಭೆಯೂ ಇದರಿಂದ ಹೊರಗಿರಲಿಲ್ಲ. ಅಮೆರಿಕದ ಕಥೋಲಿಕರ ಪರಿಹಾರ ಸಂಸ್ಥೆಯ ಮೂಲಕ ಬಂದ ಬಲ್ಗರ್ ಎಂಬ ಗೋಧಿ ನುಚ್ಚು ಮತ್ತು ಎಣ್ಣೆ ದೇಶದ ಎಷ್ಟೋ ಧರ್ಮಕೇಂದ್ರಗಳಲ್ಲಿ ಹಂಚಲ್ಪಟ್ಟಿತು. ಅದನ್ನು ಈಗ ಕುಳಿತು ಹಳಿಯುವುದು ತರವಲ್ಲ. ಹಸಿದವನ ಮುಂದೆ ಧಾನ್ಯದ ಜಾತಿ ಕೇಳಲಾಗುವುದಿಲ್ಲ. ಆದರೆ ಜೋಳ ಉಣ್ಣುತ್ತಿದ್ದ ನಾಡಿಗೆ ಗೋಧಿ ನಿತ್ಯದ ಊಟವಾಗಿ ಬಂದದ್ದು ಇತ್ತೀಚೆಗೆ ಎಂಬುದನ್ನು ನೆನಪಿಡಬೇಕು. ಬಳಿಕ ಹಸಿರು ಕ್ರಾಂತಿ, ಪಡಿತರ ಚೀಟಿ, ಬೇಕರಿ, ಬಿಸ್ಕತ್ತು ಎಲ್ಲ ಸೇರಿ ಅದನ್ನು ಗಟ್ಟಿಮಾಡಿದವು.

ಸೀಲಿಯಾಕ್ ಬಿಳಿಯರ ರೋಗವೆಂದೇ ಭಾರತದ ವೈದ್ಯರೂ ಬಹುಕಾಲ ತಿಳಿದಿದ್ದರು. 1966ರಲ್ಲಿ ವಾಲಿಯಾ ಮತ್ತು ಸಂಗಡಿಗರು ಉತ್ತರ ಭಾರತದ ಮಕ್ಕಳಲ್ಲಿ ಅದನ್ನು ಗುರುತಿಸಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆಮೇಲೆ ಅದು ಗೋಧಿ ಉಣ್ಣುವ ಉತ್ತರದವರ ರೋಗವೆಂದಾಯಿತು. ನಮ್ಮಲ್ಲಿ ಇಲ್ಲ ಎಂಬ ನೆಮ್ಮದಿ ಮಾತ್ರ ಹಾಗೆಯೇ ಉಳಿಯಿತು.

ಆ ನೆಮ್ಮದಿಗೆ 2016ರಲ್ಲಿ ಒಂದು ಪ್ರಶ್ನೆ ಎದುರಾಯಿತು. ಡಾ. ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು ದೇಶದ ಬೇರೆ ಬೇರೆ ಭಾಗಗಳ 23,331 ಮಂದಿ ವಯಸ್ಕರ ರಕ್ತ ಪರೀಕ್ಷೆ ಮಾಡಿ ಆ ವರ್ಷ ಫಲಿತಾಂಶ ಪ್ರಕಟಿಸಿದರು. ರೋಗದ ಸೂಚನೆ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10 ಇತ್ತು. ಹಾಗಾದರೆ ದಕ್ಷಿಣದವರ ರಕ್ತವೇ ಬೇರೆಯೇ? ಅದನ್ನೂ ನೋಡಿದರು. ಈ ರೋಗಕ್ಕೆ ಎಡೆಕೊಡುವ ವಂಶಗುಣ ಉತ್ತರದಲ್ಲಿ ನೂರಕ್ಕೆ 38.1 ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ 36.4 ಮಂದಿಯಲ್ಲಿತ್ತು. ಹೆಚ್ಚು ಕಡಿಮೆ ಒಂದೇ. ಬೇರೆಯಾಗಿದ್ದದ್ದು ಊಟ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ.

ಈ ಅಂಕಿಗಳನ್ನು ಕಡಗಂಚಿಯಲ್ಲಿ ಕುಳಿತು ಓದಿದಾಗ ನಾವು ಸುಮ್ಮನಿರಲಾರೆವು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆ ಉಣ್ಣುವ ವಿಷಯದಲ್ಲಿ ಪೂರ್ತಿ ದಕ್ಷಿಣವೂ ಅಲ್ಲ, ಪೂರ್ತಿ ಉತ್ತರವೂ ಅಲ್ಲ. ಹಿಂಗಾರಿ ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ತೊಗರಿ, ಸೋಯಾ, ಕಬ್ಬು ನಿಂತಿವೆ. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾಗಿ ಚಪಾತಿ ಲಟ್ಟಿಸುವ ಕೈಗಳು ಹೆಚ್ಚುತ್ತಿವೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಂದು ಕಡಗಂಚಿಯಲ್ಲೇ ಇದೆ. ಬೇರೆ ಬೇರೆ ರಾಜ್ಯಗಳ ಮಕ್ಕಳು ಓದಲು ಬರುತ್ತಾರೆ. ಮನೆಯ ಊಟವನ್ನೂ ಮನೆಯ ಕಾಯಿಲೆಯನ್ನೂ ಮಕ್ಕಳು ಜೊತೆಗೇ ತರುತ್ತಾರೆ. ವಂಶಗುಣ ನಮ್ಮಲ್ಲಿ ಮೊದಲಿನಿಂದಲೂ ಇದೆ. ಜೋಳ ಅದನ್ನು ಮಲಗಿಸಿತ್ತು ಎಂದರೆ ತಪ್ಪಾಗಲಾರದು. ಆ ಗುಣವಿರುವವರೆಲ್ಲ ರೋಗಿಗಳಾಗುವುದಿಲ್ಲ, ಅವರಲ್ಲಿ ಕೆಲವರು ಮಾತ್ರ ಆಗುತ್ತಾರೆ ಎಂಬುದನ್ನು ಹೆದರಿಕೊಳ್ಳುವವರ ನೆಮ್ಮದಿಗಾಗಿ ಹೇಳುತ್ತೇವೆ.

ನಮ್ಮಲ್ಲಿ ಮಗು ಸೊರಗಿದರೆ ಮೊದಲು ದೃಷ್ಟಿ ತೆಗೆಯುತ್ತಾರೆ. ಆಮೇಲೆ ಜಂತುಹುಳುವಿನ ಔಷಧ, ಆಮೇಲೆ ಟಾನಿಕ್ಕು. ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಬ್ರೆಡ್ಡು, ಬಿಸ್ಕತ್ತು ಇಲ್ಲವೇ ಮಾಲ್ಟ್ ಪುಡಿಯ ಡಬ್ಬಿ. ಈ ಒಂದು ರೋಗದಲ್ಲಿ ಆ ಮೂರೂ ವಿಷವೇ. ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿ. ಎಂದೂ ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ, ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ, ಇವು ಕಂಡರೆ ವೈದ್ಯರ ಬಳಿ ಸೀಲಿಯಾಕ್ ಎಂಬ ಹೆಸರನ್ನು ನೀವೇ ಎತ್ತಿ ಕೇಳಿರಿ. ಭೇದಿಯೇ ಇಲ್ಲದೆ ಬರೀ ರಕ್ತಹೀನತೆಯಾಗಿಯೂ ಇದು ತೋರಬಹುದು. ಒಬ್ಬರಿಗಿದ್ದರೆ ಒಡಹುಟ್ಟಿದವರನ್ನೂ ಹೆತ್ತವರನ್ನೂ ಮಕ್ಕಳನ್ನೂ ಪರೀಕ್ಷಿಸುವುದು ಒಳ್ಳೆಯದು. ಒಂದು ಎಚ್ಚರ ಬಹಳ ಮುಖ್ಯ: ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿರಿ. ಬಿಟ್ಟರೆ ರಕ್ತದಲ್ಲಿನ ಸೂಚನೆ ಇಳಿದುಹೋಗಿ ರೋಗವಿದ್ದೂ ಇಲ್ಲವೆಂದು ವರದಿ ಬರಬಹುದು. ಹಾಗೆಯೇ ಈಗಿನ ಫ್ಯಾಷನ್ನಿಗೆ ಮರುಳಾಗಿ, ರೋಗವಿಲ್ಲದವರು ಗೋಧಿ ಬಿಡಬೇಕಾದ ಕಾರಣವೂ ಇಲ್ಲ.

ರೋಗ ಖಚಿತವಾದ ಮೇಲೆ ಮನೆಯವರು ಕಲಿಯಬೇಕಾದುದು ಬಹಳ. ಚಪಾತಿ ಬಿಟ್ಟರಾಯಿತು ಎಂದುಕೊಳ್ಳುವುದು ಸಹಜ. ಆದರೆ ರವೆ ಗೋಧಿ, ಮೈದಾ ಗೋಧಿ, ಶಾವಿಗೆ ಗೋಧಿ. ಮದುವೆಯ ಹುಗ್ಗಿ ಗೋಧಿ, ಮಾದಲಿ ಗೋಧಿ, ಶೇಂಗಾ ಹೋಳಿಗೆಯ ಹೊದಿಕೆ ಗೋಧಿ. ಜವೆಗೋಧಿ ಹಳೆಯ ಕಾಲದ್ದು, ನಾಡಿನದು, ಅದು ನಡೆಯುತ್ತದೆ ಎಂದು ಹೇಳುವವರಿದ್ದಾರೆ. ಖಂಡಿತ ನಡೆಯುವುದಿಲ್ಲ, ಅದರಲ್ಲೂ ಗ್ಲೂಟೆನ್ ಇದೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಇಂಗಿಗಿಂತ ಮೈದಾ ಹೆಚ್ಚಿರುವುದುಂಟು. ಒಂದು ಸಾಸಿವೆ ಒಗ್ಗರಣೆಯಲ್ಲಿ ಇಷ್ಟು ಚಿಂತೆ!

ಇನ್ನು ಗಿರಣಿ. ಹಳ್ಳಿಯ ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ಇನ್ನೊಬ್ಬರ ಜೋಳ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಹಿಟ್ಟು ಜೋಳದ ಹಿಟ್ಟಿನಲ್ಲಿ ಸೇರಿ ಮನೆಗೆ ಬರುತ್ತದೆ. ಜೋಳದ ರೊಟ್ಟಿಯನ್ನೇ ತಿಂದರೂ ಮಗು ಗುಣವಾಗಲಿಲ್ಲವೆಂದು ಕಣ್ಣೀರಿಡುವ ತಾಯಿ ಮೊದಲು ನೋಡಬೇಕಾದದ್ದು ಇದನ್ನು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇದ್ದರೆ ಅದನ್ನು ಗ್ಲೂಟೆನ್‌ರಹಿತ ಎಂದು ಮಾರುವಂತಿಲ್ಲ. 20 ಮಿಲಿಗ್ರಾಂ ಎಂದರೆ ಚಿಟಿಕೆಗಿಂತಲೂ ಕಡಿಮೆ. ಆದ್ದರಿಂದ ಮೂಲೆ ಸೇರಿದ ಬೀಸುವ ಕಲ್ಲನ್ನು ತೊಳೆದು ಮತ್ತೆ ಹೂಡುವುದು, ಇಲ್ಲವೇ ಮನೆಗೊಂದು ಸಣ್ಣ ಹಿಟ್ಟಿನ ಯಂತ್ರ ಕೊಳ್ಳುವುದು, ಹಂಚು ಮತ್ತು ಪರಾತವನ್ನು ಬೇರೆ ಇಡುವುದು, ಇವು ಅತಿಯಾಯಿತೆಂದು ನಗಬಾರದು.

ಎಲ್ಲಕ್ಕಿಂತ ಕಠಿಣವಾದದ್ದು ನೆಂಟರ ಪ್ರೀತಿ. ಒಂದು ತುತ್ತಿಗೆ ಏನಾಗುತ್ತದೆ, ಹಬ್ಬದ ದಿನ ಹೋಳಿಗೆ ಬಿಡುವುದೇ, ಕ್ರಿಸ್ಮಸ್ ಕೇಕನ್ನು ಬೇಡ ಎನ್ನುವುದೇ ಎಂದು ಬಾಯಿಗೆ ಹಿಡಿಯುತ್ತಾರೆ. ಹೊಸದಾಗಿ ಬಂದ ಸೊಸೆಗೆ ಈ ರೋಗವಿದ್ದರೆ ಆಕೆಯ ಪಾಡು ಹೇಳತೀರದು. ಸೊಕ್ಕು ಎನ್ನುತ್ತಾರೆ, ಮಡಿ ಎನ್ನುತ್ತಾರೆ. ಆ ಒಂದು ತುತ್ತು ಅಂದು ಹೊಟ್ಟೆನೋವು ತರದಿದ್ದರೂ ಒಳಗೆ ಕರುಳಿನ ಎಳೆಗಳನ್ನು ಕೆಡಿಸುತ್ತದೆ.

ಸಮಾಧಾನದ ಮಾತೆಂದರೆ ನಮ್ಮ ಸೀಮೆಯಷ್ಟು ಈ ರೋಗಿಗೆ ಅನುಕೂಲವಾದ ಸ್ಥಳ ಲೋಕದಲ್ಲಿ ಕಡಿಮೆ. ದೊಡ್ಡ ಪಟ್ಟಣಗಳಲ್ಲಿ ಗ್ಲೂಟೆನ್‌ರಹಿತ ಎಂಬ ಚೀಟಿ ಅಂಟಿಸಿದ ಬ್ರೆಡ್ಡಿಗೆ ಬಹಳ ಬೆಲೆ. ಇಲ್ಲಿ ಬಿಳಿಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನುಚ್ಚು, ಅಂಬಲಿ, ತೊಗರಿಬೇಳೆ, ಶೇಂಗಾ ಹಿಂಡಿ ಎಲ್ಲವೂ ಆತನದೇ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಸಜ್ಜೆ ರೊಟ್ಟಿಗೆ ಭಜ್ಜಿ ಹಚ್ಚಿಕೊಂಡು ಉಣ್ಣುವವರ ಸಾಲಿನಲ್ಲಿ ಆತ ಯಾರಿಗೂ ಕಡಿಮೆಯಲ್ಲ. ಖಡಕ್ ರೊಟ್ಟಿ ಕಟ್ಟಿಕೊಂಡರೆ ದೂರದ ಪ್ರಯಾಣವೂ ಆಗುತ್ತದೆ. 2007ರಲ್ಲಿ ಇಟಲಿಯ ನೇಪಲ್ಸ್ ವಿಶ್ವವಿದ್ಯಾಲಯದವರು ಜೋಳದ ಹಿಟ್ಟಿನ ತಿನಿಸುಗಳನ್ನು ಸೀಲಿಯಾಕ್ ರೋಗಿಗಳಿಗೆ ಕೊಟ್ಟು ನೋಡಿ, ಅದು ನಿರಪಾಯಕಾರಿ ಎಂದೂ ರುಚಿಯಾಗಿದೆ ಎಂದೂ ಬರೆದರು. ರುಚಿಯ ಬಗ್ಗೆ ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು!

ಇಷ್ಟಾದರೂ ಜೋಳ ಬಡವರದು, ಗೋಧಿ ದೊಡ್ಡವರದು ಎಂಬ ಭಾವನೆ ನಮ್ಮಲ್ಲಿ ಹೋಗಿಲ್ಲ. ಅತಿಥಿ ಬಂದರೆ ರೊಟ್ಟಿ ಸರಿಸಿ ಚಪಾತಿ ಇಡುತ್ತಾರೆ. ಹಿಂದೆ ಹೀಗಿರಲಿಲ್ಲ. ಹಳಗನ್ನಡದ ಶಾಸನ ಮತ್ತು ಕಾವ್ಯಗಳಲ್ಲಿ ಜೋಳವಾಳಿ ಎಂಬ ಮಾತು ಬರುತ್ತದೆ. ಉಣ್ಣಲು ಕೊಟ್ಟ ಒಡೆಯನಿಗೆ ಪ್ರಾಣ ಕೊಟ್ಟಾದರೂ ತೀರಿಸಬೇಕಾದ ಋಣ ಎಂದು ಅದರ ಅರ್ಥ. ಬೇರೆಯವರು ಉಪ್ಪಿನ ಋಣ ಎಂದರೆ ಕನ್ನಡದ ವೀರ ಜೋಳದ ಋಣ ಎಂದ.

ಈಗ ಬಲಿಪೀಠದ ಮಾತಿಗೆ ಬರೋಣ. ಹಬ್ಬದ ಪ್ರಬೋಧನೆ ಓದುವ ಪತ್ರಿಕೆಯಲ್ಲಿ ಇದನ್ನು ಬಿಟ್ಟರೆ ಉಳಿದದ್ದನ್ನು ಹೇಳಿ ಫಲವಿಲ್ಲ. ಅಡುಗೆಮನೆಯಲ್ಲಿ ಗೋಧಿಯ ಬದಲು ಜೋಳ ಬಳಸಬಹುದು, ಬಲಿಪೂಜೆಯಲ್ಲಿ ಬಳಸಲಾಗದು. ಪ್ರಭು ಅಂತಿಮ ಭೋಜನದಲ್ಲಿ ತೆಗೆದುಕೊಂಡದ್ದು ಗೋಧಿಯ ರೊಟ್ಟಿ ಎಂಬ ಪರಂಪರೆಯನ್ನು ಧರ್ಮಸಭೆ ಕಾಪಾಡಿಕೊಂಡು ಬಂದಿದೆ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಅದನ್ನೇ ಹೇಳಿತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಕೂಡ ಅದನ್ನೇ ಹೇಳುತ್ತದೆ. ಐದು ಸಾವಿರ ಮಂದಿಗೆ ಉಣಬಡಿಸಿದ ದಿನ ಸಂತ ಯೊವಾನ್ನರ ಶುಭಸಂದೇಶದಲ್ಲಿ ಬರುವುದು ಬಾರ್ಲಿಯ ರೊಟ್ಟಿ, ಬಡವರ ರೊಟ್ಟಿ. ನಮ್ಮ ರೋಗಿಗೆ ಅದೂ ಒಗ್ಗದು ಎಂಬುದು ಬೇರೆ ಮಾತು.

ಹಾಗಾದರೆ ಈ ವಿಶ್ವಾಸಿಗಳು ಪರಮ ಪ್ರಸಾದದಿಂದ ದೂರ ಉಳಿಯಬೇಕೆ? ಓಸ್ತಿ ಬಹಳ ಚಿಕ್ಕದಲ್ಲವೇ ಎನ್ನಬೇಡಿರಿ; ಪ್ರತಿ ವಾರ, ಕೆಲವರಿಗೆ ಪ್ರತಿ ದಿನ, ಅಷ್ಟೇ ಸಾಕು ಕರುಳನ್ನು ಕೆಡಿಸಲು. 2004ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳಿಗೆ ಅಕ್ಕಿಯ ಓಸ್ತಿಯಿಂದ ಪ್ರಥಮ ಪರಮ ಪ್ರಸಾದ ಕೊಡಲಾಯಿತು. ಅದು ಸಿಂಧುವಲ್ಲವೆಂದು ಧರ್ಮಪ್ರಾಂತ್ಯ ತೀರ್ಪು ನೀಡಿತು. ಪತ್ರಿಕೆಗಳು ಧರ್ಮಸಭೆಯನ್ನು ಕಟುವಾಗಿ ಟೀಕಿಸಿದವು. ನಿಯಮ ಸರಿಯೇ. ಆದರೆ ಆ ತಾಯಿಗೂ ಮಗಳಿಗೂ ಆದ ನೋವನ್ನು ನಾವು ಗುರುಗಳು ಹಗುರವಾಗಿ ಕಾಣಬಾರದು.

ದಾರಿ ಇದೆ, ಮೊದಲಿನಿಂದಲೂ ಇತ್ತು. ಸೀಲಿಯಾಕ್ ಇರುವ ಸಾಮಾನ್ಯ ವಿಶ್ವಾಸಿಗಳು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮ ಪ್ರಸಾದ ಸ್ವೀಕರಿಸಬಹುದೆಂದು ರೋಮ್ 1982ರಲ್ಲೇ ತಿಳಿಸಿತ್ತು. 1995ರಲ್ಲಿ ವಿಶ್ವಾಸ ಸಿದ್ಧಾಂತದ ಪರಿಷತ್ತಿನ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಟ್ಸಿಂಗರ್, ಗೋಧಿಯಿಂದಲೇ ಮಾಡಿದ, ಬಹಳ ಕಡಿಮೆ ಗ್ಲೂಟೆನ್ ಇರುವ ಓಸ್ತಿ ಸಿಂಧುವೆಂದು ಬರೆದರು. ಅದೇ ಪತ್ರದಲ್ಲಿ ಒಂದು ಕಠಿಣ ವಾಕ್ಯವೂ ಇತ್ತು: ಸೀಲಿಯಾಕ್ ಇರುವ ಯುವಕರನ್ನು ಗುರುದೀಕ್ಷೆಗೆ ಸೇರಿಸುವಂತಿಲ್ಲ. ಗುರುಮಠದಲ್ಲಿ ಓದಿದ ನಮಗೆ ಆ ವಾಕ್ಯದ ಭಾರ ಗೊತ್ತು. 2003ರ ಜುಲೈ 24ರಂದು ಅದೇ ಕಾರ್ಡಿನಲ್ಲರು, ಮುಂದೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರಾದವರು, ಇನ್ನೊಂದು ಪತ್ರಕ್ಕೆ ಸಹಿ ಮಾಡಿದರು. ಅದರಲ್ಲಿ ನಿಷೇಧದ ಜಾಗದಲ್ಲಿ ಬಹಳ ಎಚ್ಚರಿಕೆಯಿಂದ ಮುಂದುವರಿಯಬೇಕು ಎಂಬ ಮಾತು ಬಂತು. ಎಂಟು ವರ್ಷಗಳಲ್ಲಿ ಮುಚ್ಚಿದ ಬಾಗಿಲು ಅರೆ ತೆರೆಯಿತು. 2017ರಲ್ಲಿ ದೈವಾರಾಧನೆಯ ಪರಿಷತ್ತು ಎಲ್ಲ ಧರ್ಮಾಧ್ಯಕ್ಷರಿಗೂ ಪತ್ರ ಬರೆದು ಓಸ್ತಿಯ ನಿಯಮಗಳನ್ನು ಮತ್ತೆ ನೆನಪಿಸಿತು.

ಕಡಿಮೆ ಗ್ಲೂಟೆನ್ನಿನ ಓಸ್ತಿಯ ಹಿಂದೆ ಇಬ್ಬರು ಸನ್ಯಾಸಿನಿಯರ ಶ್ರಮವಿದೆ. ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್ ಎಂಬ ಊರಿನ ಬೆನೆಡಿಕ್ಟೀನ್ ಕನ್ಯಾಮಠದ ಸಿಸ್ಟರ್ ಜೇನ್ ಹೆಶ್‌ಮೆಯರ್ ಮತ್ತು ಸಿಸ್ಟರ್ ಲಿನ್ ಮೇರಿ ಡಿಸೋಜ ಸುಮಾರು ಹತ್ತು ವರ್ಷ ಹಿಟ್ಟಿನೊಡನೆ ಗುದ್ದಾಡಿದರು. ಗ್ಲೂಟೆನ್ ತೆಗೆದ ಹಿಟ್ಟು ಜಿಗಿಯಿಲ್ಲದೆ ಅಂಟಿಕೊಳ್ಳುತ್ತದೆ, ಹರಿಯುತ್ತದೆ, ಕರಕಲಾಗುತ್ತದೆ. ಜೋಳದ ರೊಟ್ಟಿ ಬಡಿಯಲು ಕಲಿಯುತ್ತಿರುವ ಹುಡುಗಿಯರಿಗೆ ಈ ಕಷ್ಟ ಗೊತ್ತು. ಕೊನೆಗೆ 0.01 ಶೇಕಡಾ ಗ್ಲೂಟೆನ್ ಮಾತ್ರ ಇರುವ ಓಸ್ತಿ ಅವರಿಗೆ ಒಲಿಯಿತು. ನಮ್ಮಂಥ ಹಳ್ಳಿಯ ಧರ್ಮಕೇಂದ್ರಗಳಿಗೆ ಅಂಥದನ್ನು ತರಿಸುವುದು ಸುಲಭವಲ್ಲ; ತರಿಸಿದರೂ ವೈದ್ಯರನ್ನು ಕೇಳಿಯೇ ಸ್ವೀಕರಿಸಬೇಕು.

ಆದ್ದರಿಂದ ನಮಗೆ ಹತ್ತಿರದ ದಾರಿ ಪಾನಪಾತ್ರೆಯದು. ಇಲ್ಲಿ ಚರಿತ್ರೆಯ ಒಂದು ಸೊಗಸಿದೆ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆಯಲ್ಲಿಯೂ ಮುಂದೆ ಟ್ರೆಂಟ್ ಮಹಾಸಭೆಯಲ್ಲಿಯೂ ಜನಸಾಮಾನ್ಯರಿಗೆ ಪಾನಪಾತ್ರೆ ಬೇಕೇ ಎಂಬ ದೊಡ್ಡ ವಾದ ನಡೆಯಿತು. ಒಂದೇ ರೂಪದಲ್ಲಿ ಸ್ವೀಕರಿಸಿದರೂ ಕ್ರಿಸ್ತರು ಪರಿಪೂರ್ಣವಾಗಿಯೇ ಇರುತ್ತಾರೆ, ಆದ್ದರಿಂದ ರೊಟ್ಟಿಯ ರೂಪವೊಂದೇ ಸಾಕು ಎಂದು ಧರ್ಮಸಭೆ ಅಂದು ಬೋಧಿಸಿತು. ಪಾತ್ರೆಯನ್ನು ಜನರಿಂದ ದೂರವಿಡಲು ಅಂದು ನೆರವಾದ ಅದೇ ಬೋಧನೆ ಇಂದು ರೊಟ್ಟಿ ಒಗ್ಗದ ಮಗುವಿನ ಕೈಗೆ ಪಾತ್ರೆಯನ್ನು ಕೊಡುತ್ತದೆ. ರಸವೊಂದೇ ಸಾಕು. ಅದು ಅರ್ಧ ಪ್ರಸಾದವಲ್ಲ.

ಆಚರಣೆಯಲ್ಲಿ ಕೆಲವು ಸೂಕ್ಷ್ಮಗಳಿವೆ. ಗುರುಗಳು ರೊಟ್ಟಿಯನ್ನು ಮುರಿದಾಗ ಅದರ ಒಂದು ಚೂರನ್ನು ತಮ್ಮ ಪಾನಪಾತ್ರೆಗೆ ಹಾಕುತ್ತಾರೆ; ಆ ಪಾತ್ರೆ ಈ ರೋಗಿಗೆ ಸಲ್ಲದು. ಬೇರೆ ಒಂದು ಸಣ್ಣ ಪಾತ್ರೆಯಲ್ಲಿ ದ್ರಾಕ್ಷಾರಸವಿಟ್ಟು ಜೊತೆಯಲ್ಲೇ ಅರ್ಪಿಸಬೇಕು. ಓಸ್ತಿ ಅದ್ದಿ ಕೊಡುವ ಪಾತ್ರೆಯೂ ಆಗದು. ಆತ ಸಾಲಿನಲ್ಲಿ ಮೊದಲು ಬಂದರೆ, ಓಸ್ತಿ ಹಂಚಿದ ಬೆರಳಿನ ಪುಡಿ ತಾಗುವ ಭಯವೂ ಇರುವುದಿಲ್ಲ. ಅನುಮತಿ ಬೇಕಾದಲ್ಲಿ ಧರ್ಮಾಧ್ಯಕ್ಷರಿಂದ ಪಡೆಯುವ ಕೆಲಸ ಧರ್ಮಕೇಂದ್ರದ ಗುರುಗಳದು, ಮನೆಯವರದಲ್ಲ. ಪ್ರಥಮ ಪರಮ ಪ್ರಸಾದಕ್ಕೆ ಹೆಸರು ಬರೆಸುವಾಗಲೇ ತಾಯಿತಂದೆಯರು ಹೇಳಿದರೆ ಸಾಕು. ಉಪದೇಶಿಗಳು ಹೆಸರಿನ ಮುಂದೆ ಗುರುತು ಹಾಕಿಕೊಳ್ಳಬೇಕು.

ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಊಟವಿದ್ದರೆ ಒಲೆ ಹೊತ್ತಿಸಿದ ಕೂಡಲೇ, ಚಪಾತಿಯ ಹಿಟ್ಟು ಬಿಚ್ಚುವ ಮೊದಲು, ತೊಳೆದ ಹಂಚಿನ ಮೇಲೆ ಹತ್ತು ಜೋಳದ ರೊಟ್ಟಿ ಮಾಡಿ ಬೇರೆ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಡಿರಿ. ಸಾರಿಗೆ ಹಾಕುವ ಇಂಗಿನ ಡಬ್ಬಿಯ ಮೇಲೆ ಬರೆದದ್ದನ್ನು ಒಮ್ಮೆ ಓದಿರಿ. ಆ ಬುಟ್ಟಿ ಯಾರಿಗೆ ಎಂದು ಕೂಗಿ ಕೇಳದೆ, ಕುಳಿತ ಸಾಲಿನಲ್ಲೇ ಬಡಿಸಿರಿ.